ಯಾವ ಪುಟದಲ್ಲಿ ನಿಂತಿರಿ?

(ಬಾಗಲಕೋಟೆಯ ನವನಗರದಲ್ಲಿ ಓದುಗರ ಮಾಸಿಕ ಕೂಟದಲ್ಲಿ ನಿವೃತ್ತ ಗ್ರಂಥಪಾಲಕರೊಬ್ಬರು ಆಡಿದ ಮಾತುಗಳ ಬರಹ ರೂಪ)

ನನಗಿಂತ ಮೊದಲು ನಾಲ್ವರು ತಾವು ಈಚೆಗೆ ಓದಿ ಮುಗಿಸಿದ ಪುಸ್ತಕಗಳ ಬಗ್ಗೆ ಮಾತನಾಡಿದರು. ನಾಲ್ವರೂ ತಯಾರಿ ಮಾಡಿಕೊಂಡು ಬಂದಿದ್ದರು. ಅದನ್ನು ನೋಡಿ ಮನಸ್ಸು ತುಂಬಿತು. ಆದರೆ ಒಂದು ಮಾತನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬಾರದು. ನಾಲ್ವರಲ್ಲಿ ಮೂವರು ನಮಗೆ ಕಥೆ ಹೇಳಿದರು. ನಾಯಕ ಯಾರು, ಅವನ ಊರು ಯಾವುದು, ಕೊನೆಗೆ ಏನಾಯಿತು, ಲೇಖಕರಿಗೆ ಯಾವ ಪ್ರಶಸ್ತಿ ಬಂದಿದೆ, ಪುಸ್ತಕ ಎಷ್ಟು ಮುದ್ರಣ ಕಂಡಿದೆ. ಎಲ್ಲವೂ ಸರಿಯಾಗಿತ್ತು. ಆದರೆ ಅಷ್ಟನ್ನು ಬೆನ್ನುಡಿಯೇ ಹೇಳುತ್ತದೆ. ಬೆನ್ನುಡಿ ಬರೆದವರಿಗೆ ಗೊತ್ತಿಲ್ಲದ ಒಂದು ಸಂಗತಿಗಾಗಿ ನಾನು ಕಾಯುತ್ತಿದ್ದೆ. ಕೊನೆಯಲ್ಲಿ ಮಾತನಾಡಿದ ಹುಡುಗಿ ಅದನ್ನು ಕೊಟ್ಟಳು. ಮಾತು ಮುಗಿಸಿ ಕೂರುವ ಹೊತ್ತಿಗೆ, ಹೇಳಲೋ ಬೇಡವೋ ಎಂಬಂತೆ, 'ಅಜ್ಜಿ ಬುತ್ತಿ ಬಿಚ್ಚುವ ಎರಡು ಸಾಲು ಇವೆ. ಅದನ್ನು ಓದಿದ ಮೇಲೆ ಪುಸ್ತಕ ಮುಚ್ಚಿಟ್ಟು ಅಡುಗೆಮನೆಗೆ ಹೋಗಿ ನಮ್ಮ ಅವ್ವನನ್ನು ನೋಡಿ ಬಂದೆ' ಎಂದಳು. ಆ ಪುಸ್ತಕ ನನಗೂ ಬೇಕು ಎನ್ನಿಸಿದ್ದು ಆ ಗಳಿಗೆಯಲ್ಲಿ.

ಮೂವತ್ತೊಂದು ವರ್ಷ ಗ್ರಂಥಾಲಯದ ಕೌಂಟರಿನ ಹಿಂದೆ ಕುಳಿತವನು ನಾನು. ಓದುಗರು ಪುಸ್ತಕ ಮರಳಿಸುವ ಗಳಿಗೆಯನ್ನು ದಿನವೂ ನೋಡಿದ್ದೇನೆ. ಕೆಲವರು ಸಾಲ ತೀರಿಸಿದವರಂತೆ ಮೇಜಿನ ಮೇಲೆ ಇಟ್ಟು ಹೊರಟುಬಿಡುತ್ತಾರೆ. ಇನ್ನು ಕೆಲವರು ಪುಸ್ತಕವನ್ನು ಮುಂದೆ ಚಾಚುತ್ತಾರೆ, ಆದರೆ ಬೆರಳು ಸಡಿಲಿಸುವುದಿಲ್ಲ. ನಾನು ಹಿಂಬದಿಯ ರಟ್ಟು ತೆಗೆದು, ತಾರೀಖಿನ ಚೀಟಿಯ ಮೇಲೆ ಮೊಹರು ಒತ್ತುತ್ತಾ 'ಹೇಗಿತ್ತು?' ಎಂದು ಕೇಳುತ್ತಿದ್ದೆ. 'ಚಲೋ ಇತ್ತು ಸರ್' ಎನ್ನುತ್ತಿದ್ದರು. ಹತ್ತು ಹನ್ನೆರಡು ವರ್ಷ ಇದೇ ಪ್ರಶ್ನೆ, ಇದೇ ಉತ್ತರ.

ಆ ಪ್ರಶ್ನೆಯನ್ನು ಬದಲಿಸಿದವರು ಒಬ್ಬ ರೈತರು. ಅವರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಮ್ಮ ಜಿಲ್ಲೆಯವರಿಗೆ 'ಮುಳುಗಡೆ' ಎಂಬ ಶಬ್ದವನ್ನು ಬಿಡಿಸಿ ಹೇಳಬೇಕಾಗಿಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಮುಂದೆ ಕೃಷ್ಣೆಯ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಬಂದು ಹಳೆಯ ಬಾಗಲಕೋಟೆಯ ಓಣಿಗಳನ್ನು ಮುಟ್ಟಿತು. ನಾವು ಇವತ್ತು ಕುಳಿತಿರುವ ಈ ನವನಗರ ಹುಟ್ಟಿದ್ದೇ ಆ ಕಾರಣಕ್ಕೆ. ಈ ಸಭೆಯಲ್ಲಿ ಮನೆಯನ್ನೋ ಹೊಲವನ್ನೋ ನೀರಿಗೆ ಬಿಟ್ಟು ಬಂದವರು ಅರ್ಧಕ್ಕಿಂತ ಹೆಚ್ಚು ಇರಬಹುದು. ನಾನು ಹೇಳುತ್ತಿರುವ ರೈತರು ನದಿದಂಡೆಯ ಹಳ್ಳಿಯವರು. ಹಳ್ಳಿ ಹೋಯಿತು, ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಕೊಂಡರು. ಮಗ ಪಟ್ಟಣದಲ್ಲಿ ನೌಕರಿ ಹಿಡಿದ. ಕೈಗೆ ಕೆಲಸವಿಲ್ಲದ ಅವರು ಬಸ್ ಹತ್ತಿ ಗ್ರಂಥಾಲಯಕ್ಕೆ ಬರತೊಡಗಿದರು. ಮೊದಮೊದಲು ಪತ್ರಿಕೆ ಮಾತ್ರ ಓದುತ್ತಿದ್ದರು. ಒಂದು ದಿನ 'ಒಕ್ಕಲುತನದ ಮೇಲೆ ಯಾವುದಾದರೂ ಕಥೆ ಪುಸ್ತಕ ಇದೆಯೇ ಸಾಹೇಬರೇ?' ಎಂದು ಕೇಳಿದರು. ನಾನು ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಕೊಟ್ಟೆ. ಸ್ವಂತ ಬೇಸಾಯದ ಆಸೆ ಹೊತ್ತ ಜೀತದಾಳು ಚೋಮನ ಕಥೆ. 1933ರ ಕಾದಂಬರಿ, ತೆಳ್ಳಗಿದೆ, ಹೊಸದಾಗಿ ಓದುವವರು ಹೆದರುವುದಿಲ್ಲ. ಇಷ್ಟೇ ನನ್ನ ಲೆಕ್ಕಾಚಾರ.

ಹದಿನೈದು ದಿನಕ್ಕೆ ಸರಿಯಾಗಿ ಪುಸ್ತಕ ತಂದರು. ಮೇಜಿನ ಮೇಲೆ ಇಟ್ಟಾಗ ಅದು ತಾನಾಗಿ ಒಂದು ಕಡೆ ತೆರೆದುಕೊಂಡಿತು. ಪುಸ್ತಕದ ಸ್ವಭಾವವೇ ಹಾಗೆ. ಎಲ್ಲಿ ಬಹಳ ಹೊತ್ತು ತೆರೆದಿಟ್ಟಿರುತ್ತೇವೆಯೋ ಅಲ್ಲಿ ಅದರ ಬೆನ್ನು ಬಾಗುತ್ತದೆ. ಪುಟದ ಅಂಚಿನಲ್ಲಿ ಹೆಬ್ಬೆರಳಿನ ಎಣ್ಣೆಯ ಗುರುತು ಬೇರೆ ಇತ್ತು. ಪುಸ್ತಕ ಕೊಳೆ ಮಾಡಿದಿರಿ ಎಂದು ನಾನು ಹೇಳಬಹುದಿತ್ತು, ನಿಯಮವೂ ಇತ್ತು. ಯಾಕೋ ಹಾಗೆ ಅನ್ನಲು ಬಾಯಿ ಬರಲಿಲ್ಲ. 'ಇಲ್ಲಿ ಬಹಳ ಹೊತ್ತು ನಿಂತಿದ್ದೀರಿ ಅನ್ನಿಸುತ್ತದೆ' ಎಂದೆ. ಅವರು ಎದುರಿನ ಬೆಂಚಿನ ಮೇಲೆ ಕುಳಿತುಬಿಟ್ಟರು.

'ಚೋಮನ ಹತ್ತಿರ ಎತ್ತು ಇದ್ದವು, ಹೊಲ ಇರಲಿಲ್ಲ. ನನಗೂ ಒಂದು ವರ್ಷ ಹಾಗೆಯೇ ಆಗಿತ್ತು ಸಾಹೇಬರೇ. ಎರೆ ಹೊಲ ನೀರಿನಡಿ ಹೋಯಿತು, ಜೋಡಿ ಖಿಲಾರಿ ಎತ್ತು ಗೂಟದಲ್ಲಿ ಉಳಿದವು. ದುಡಿಯದೆ ಮೇವು ತಿನ್ನುವ ಎತ್ತಿನ ಮುಖ ನೋಡಲಾಗುವುದಿಲ್ಲ. ಬೆಳಗಾದರೆ ನೊಗ ಹೂಡುತ್ತಾರೆಂದು ಅವು ಕತ್ತು ಮುಂದೆ ಮಾಡಿ ನಿಲ್ಲುತ್ತಿದ್ದವು. ಕೊನೆಗೆ ಚೋಮ ತನ್ನ ಎತ್ತುಗಳನ್ನು ಕಾಡಿಗೆ ಅಟ್ಟುತ್ತಾನೆ. ನಾನು ಸಂತೆಗೆ ಹೊಡೆದುಕೊಂಡು ಹೋದೆ. ಅವನು ಮಾಡಿದ್ದೇ ಮೇಲು' ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: 'ಚೋಮ ಬಾರಿಸುವ ಆ ದುಡಿ ಎಂಬ ವಾದ್ಯ ಹೇಗಿರುತ್ತದೋ ನಾನು ಕಂಡಿಲ್ಲ. ಓದುವಾಗ ನನ್ನ ಕಿವಿಗೆ ನಮ್ಮ ಹೋಳಿಯ ಹಲಗೆಯೇ ಕೇಳಿಸಿತು. ಕೊನೆಯಲ್ಲಿ ಚೋಮ ಮಾಡಿದಂತೆ ಬಾಗಿಲು ಹಾಕಿಕೊಂಡು ಒಬ್ಬನೇ ಹಲಗೆ ಬಾರಿಸಿದರೆ ಹೇಗಿರುತ್ತದೆ, ನೀವೇ ಹೇಳಿ.'

ಬಾಗಲಕೋಟೆಯ ಹೋಳಿ ಕಂಡವರಿಗೆ ಗೊತ್ತು, ಹಲಗೆ ಎಂದರೆ ಓಣಿಗೆ ಓಣಿಯೇ ಸೇರಿ ಬಾರಿಸುವ ವಾದ್ಯ. ಅದನ್ನು ಮುಚ್ಚಿದ ಬಾಗಿಲಿನ ಹಿಂದೆ ಒಬ್ಬನೇ ಬಾರಿಸುವುದನ್ನು ಊಹಿಸಿಕೊಂಡು ನನಗೆ ಮೈ ಜುಮ್ಮೆಂದಿತು. ಕಾಲೇಜಿನಲ್ಲಿ ಅದೇ ಕಾದಂಬರಿಯನ್ನು ಪರೀಕ್ಷೆಗಾಗಿ ಓದಿ, ಅದರ ಮೇಲೆ ಪ್ರಬಂಧ ಬರೆದು, ಒಳ್ಳೆಯ ಅಂಕ ಪಡೆದಿದ್ದವನು ನಾನು. ದುಡಿಯ ಸದ್ದು ನನಗೆ ಕೇಳಿಸಿದ್ದು ಆ ದಿನ. ಅಂದಿನಿಂದ 'ಹೇಗಿತ್ತು?' ಎಂದು ಕೇಳುವುದನ್ನು ಬಿಟ್ಟೆ. 'ಯಾವ ಪುಟದಲ್ಲಿ ನಿಂತಿರಿ?' ಎಂದು ಕೇಳಲು ಶುರು ಮಾಡಿದೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ತಿಂಗಳಿಗೊಮ್ಮೆ ಹತ್ತು ಹದಿನೈದು ಜನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೆವು. ಇವತ್ತಿನ ಈ ಕೂಟದ ಬೇರು ಅದೇ. ಅಲ್ಲಿ ಆ ರೈತರು ಇದೇ ಮಾತನ್ನು ಹೇಳಿದಾಗ ಎಲ್ಲರೂ ತಲೆದೂಗಿದರು. ಒಬ್ಬ ಯುವಕ ಮಾತ್ರ ಸುಮ್ಮನೆ ಕುಳಿತಿದ್ದ. ದಲಿತರ ಮನೆಯ ಹುಡುಗ, ಆಗಷ್ಟೇ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ್ದ. ಅವನ ಸರದಿ ಬಂದಾಗ ಮೆಲುದನಿಯಲ್ಲಿ ಹೀಗೆಂದ: 'ಕಾಕಾ, ನಿಮಗೆ ಹೊಲ ಇತ್ತು, ಹೋಯಿತು. ಚೋಮ ಹೊಲ ಕೇಳಿದ್ದೇ ತಪ್ಪಾಯಿತು. ಧಣಿ ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಕರಗಿದರೂ ಅವನ ತಾಯಿ ಒಪ್ಪಲಿಲ್ಲ. ಹೊಲೆಯನಿಗೆ ಬೇಸಾಯ ಸಲ್ಲದು ಎಂದು ನಿಂತಳು. ನಾನು ನಿಂತದ್ದು ಆ ಪುಟದಲ್ಲಿ. ಅಲ್ಲಿಂದ ಮುಂದಕ್ಕೆ ಹೋಗಲು ನನಗೆ ಎರಡು ದಿನ ಬೇಕಾಯಿತು.'

ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ರೈತರು ತಮ್ಮ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಬಹಳ ಹೊತ್ತಿನ ಮೇಲೆ, 'ಆ ಪುಟವನ್ನು ನಾನು ಲಗುಲಗು ದಾಟಿದೆ, ತಮ್ಮಾ' ಎಂದರು. ನನ್ನ ಕಡೆ ತಿರುಗಿ, 'ಆ ಪುಸ್ತಕ ಇನ್ನೊಮ್ಮೆ ಕೊಡಿ ಸಾಹೇಬರೇ' ಎಂದರು.

ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಕಂಡ ಅತ್ಯಂತ ದೊಡ್ಡ ಗಳಿಗೆ ಅದು. ನಾವು ಎಲ್ಲಿ ನಿಂತೆವು ಎಂಬುದು ನಮಗೆ ಗೊತ್ತಿರುತ್ತದೆ. ಎಲ್ಲಿ ಲಗುಲಗು ದಾಟಿದೆವು ಎಂಬುದು ನಮಗೆ ಗೊತ್ತಾಗುವುದೇ ಇಲ್ಲ. ಅದನ್ನು ತೋರಿಸಲು ಅದೇ ಪುಸ್ತಕ ಓದಿದ ಇನ್ನೊಬ್ಬರು ಬೇಕು, ನಮ್ಮ ಮನೆಯಲ್ಲಿ ಹುಟ್ಟದವರು, ನಮ್ಮ ಓಣಿಯಲ್ಲಿ ಬೆಳೆಯದವರು ಬೇಕು. ಓದಿ ಮುಗಿಸಿದ ಪುಸ್ತಕದ ಬಗ್ಗೆ ನಾಲ್ಕು ಜನರ ನಡುವೆ ಕುಳಿತು ಮಾತನಾಡುವುದು ಯಾಕೆ ಎಂದು ಯಾರಾದರೂ ನನ್ನನ್ನು ಕೇಳಿದರೆ, ಆ ರೈತರ ಟೋಪಿ ನನ್ನ ಕಣ್ಣ ಮುಂದೆ ಬರುತ್ತದೆ.

ಕಥೆ ಹೇಳಿಬಿಟ್ಟರೆ ಕೇಳುವವರಿಗೆ ರುಚಿ ಹೋಗುತ್ತದೆ, ಕೊನೆ ಹೇಳಬೇಡಿ ಎಂದು ಈಗಿನ ಹುಡುಗರು ಹೇಳುತ್ತಾರೆ. ಪತ್ತೇದಾರಿ ಕಾದಂಬರಿಯಾದರೆ ಒಪ್ಪುತ್ತೇನೆ. ಉಳಿದಂತೆ, ಕೊನೆ ಗೊತ್ತಿದ್ದರೂ ಬೆಳತನಕ ಕುಳಿತು ನೋಡಿದ ಜನ ನಾವು. ಈ ಭಾಗದ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನೇ ನೋಡಿ. ನಾರದ ಒಂದು ಹೂವು ತರುತ್ತಾನೆ, ಅದು ರುಕ್ಮಿಣಿಗೆ ಹೋಗುತ್ತದೆ, ಭಾಮೆ ಮುನಿಯುತ್ತಾಳೆ. ಇದು ಸಣ್ಣ ಮಕ್ಕಳಿಗೂ ಗೊತ್ತು. ಆದರೂ ಕೌಜಲಗಿ ನಿಂಗಮ್ಮನವರಂಥ ಕಲಾವಿದೆ ಭಾಮೆಯಾಗಿ ಬಂದರೆ ಸುತ್ತಲಿನ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಇವತ್ತಿನ ಭಾಮೆ ಹೇಗೆ ಮುನಿಯುತ್ತಾಳೆ, ಯಾವ ಮಾತಿಗೆ ತಿರುಗಿ ಏನು ಹೇಳುತ್ತಾಳೆ ಎಂಬುದು ಅವರಿಗೆ ಮುಖ್ಯ. ಮರುದಿನ ಕಟ್ಟೆಯ ಮೇಲೆ ಚರ್ಚೆಯಾಗುತ್ತಿದ್ದುದೂ ಅದೇ. ಹಾಗಾಗಿ ಕಥೆ ಹೇಳುವುದು ಅಪರಾಧವೇನೂ ಅಲ್ಲ. ಬರೀ ಕಥೆ ಹೇಳಿ ಕೂತುಬಿಟ್ಟರೆ ನೀವು ಆ ರಾತ್ರಿ ಆಟಕ್ಕೆ ಹೋಗಿದ್ದಿರೋ ಇಲ್ಲವೋ ನಮಗೆ ತಿಳಿಯುವುದಿಲ್ಲ. ನನ್ನ ತಕರಾರು ಇಷ್ಟೇ.

ಇನ್ನೊಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಗ್ರಂಥಾಲಯದ ಪುಸ್ತಕಗಳಲ್ಲಿ ಓದುಗರು ಪೆನ್ಸಿಲಿನಿಂದ ಬರೆಯುತ್ತಾರೆ. ಬರೆಯಬಾರದು, ಅದು ತಪ್ಪೇ. ನೌಕರಿಗೆ ಸೇರಿದ ಹೊಸದರಲ್ಲಿ ಸಂಜೆ ಕುಳಿತು ರಬ್ಬರಿನಿಂದ ಅಳಿಸುತ್ತಿದ್ದೆ. ಅಳಿಸುವಾಗ ಓದದೆ ಇರಲಾಗುತ್ತದೆಯೇ? 'ಇದು ಸುಳ್ಳು' ಎಂದು ಒಬ್ಬರು ಬರೆದಿದ್ದರೆ, ಅದರ ಕೆಳಗೆ ಬೇರೆ ಅಕ್ಷರದಲ್ಲಿ 'ಸುಳ್ಳಲ್ಲ, ನಮ್ಮ ಊರಿನಲ್ಲಿ ಆಗಿದೆ' ಎಂದು ಇರುತ್ತಿತ್ತು. ಒಬ್ಬರು ಇನ್ನೊಬ್ಬರ ಮುಖ ನೋಡಿಲ್ಲ, ನಡುವೆ ಆರು ತಿಂಗಳು ಕಳೆದಿರಬಹುದು, ಆದರೂ ಮಾತು ನಡೆದಿದೆ. ಅಂಥ ಮಾತನ್ನು ಅಳಿಸಲು ಕೈ ಏಳದಂತಾಯಿತು. ಪುಸ್ತಕವೂ ಉಳಿಯಬೇಕು, ಮಾತೂ ಉಳಿಯಬೇಕು. ಒಂದು ಇನ್ನೂರು ಪುಟದ ವಹಿ ತಂದು, ಕೌಂಟರಿನ ಪಕ್ಕದಲ್ಲಿ ದಾರ ಕಟ್ಟಿದ ಪೆನ್ನಿನ ಜೊತೆ ಇಟ್ಟೆ. ಮೇಲೆ 'ಓದಿ ಮುಗಿಸಿದವರು ಬರೆಯಿರಿ' ಎಂದು ಬರೆದೆ. ಹೆಸರು ಬರೆಯುವ ಒತ್ತಾಯವಿರಲಿಲ್ಲ. ಪುಸ್ತಕದ ಹೆಸರು, ಪುಟದ ಸಂಖ್ಯೆ, ಎರಡು ಸಾಲು.

ಮೊದಲ ಎರಡು ತಿಂಗಳು ಯಾರೂ ಮುಟ್ಟಲಿಲ್ಲ. ಆಮೇಲೆ ಯಾರೋ ಒಬ್ಬರು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನ ಬಗ್ಗೆ ಬರೆದರು. ಈ ಕಾದಂಬರಿಯನ್ನು ನಿಮ್ಮಲ್ಲಿ ಬಹಳ ಜನ ಓದಿರಬಹುದು, 1976ರಲ್ಲಿ ಬಂದದ್ದು. ಮಲೆನಾಡಿನ ಹುಡುಗಿ, ಒಂಬತ್ತು ವರ್ಷಕ್ಕೆ ಮದುವೆ, ಸ್ವಲ್ಪ ದಿನಕ್ಕೇ ಗಂಡ ಹಾವು ಕಚ್ಚಿ ಸಾಯುತ್ತಾನೆ. ಮೈನೆರೆದಾಗ ತಲೆ ಬೋಳಿಸುತ್ತಾರೆ. 1840ರಿಂದ 1952ರವರೆಗೆ, 112 ವರ್ಷದ ದೀರ್ಘ ಬಾಳನ್ನು ಕಳೆದ, ನಿಜವಾಗಿ ಬದುಕಿದ್ದ ಹೆಣ್ಣುಮಗಳ ಕಥೆ. ವಹಿಯಲ್ಲಿ ಮೊದಲನೆಯವರು ಬರೆದದ್ದು: 'ಈ ತಾಯಿಯ ತಾಳ್ಮೆಗೆ ಕೈಮುಗಿದೆ.' ಚಂದದ ಅಕ್ಷರ, ಬಹುಶಃ ಶಿಕ್ಷಕಿಯರದು.

ಮೂರು ನಾಲ್ಕು ತಿಂಗಳ ನಂತರ ಅದರ ಕೆಳಗೆ ಇನ್ನೊಬ್ಬರು ಬರೆದರು. ಅಕ್ಷರಗಳು ಒತ್ತಿ ಬರೆದಂತಿದ್ದವು, ಹಿಂದಿನ ಪುಟಕ್ಕೂ ಅಚ್ಚು ಮೂಡಿತ್ತು. 'ತಾಳ್ಮೆ ಎಂದು ಹೊಗಳಬೇಡಿ. ನನ್ನ ಅತ್ತೆಗೂ ಎಲ್ಲರೂ ತಾಳ್ಮೆಯ ಗಣಿ ಎನ್ನುತ್ತಿದ್ದರು. ಸಾಯುವ ಮೊದಲು ಅವರು ನನ್ನ ಕೈ ಹಿಡಿದು, ನನಗೆ ಒಮ್ಮೆಯೂ ಯಾರೂ ಏನು ಬೇಕು ಎಂದು ಕೇಳಲಿಲ್ಲವ್ವಾ ಎಂದರು. ಅದಕ್ಕೆ ತಾಳ್ಮೆ ಎಂದು ಹೆಸರಿಟ್ಟವರು ನಾವು.' ಇದನ್ನು ಓದಿದ ದಿನ ನಾನು ಗ್ರಂಥಾಲಯದ ಬಾಗಿಲು ಹಾಕಿದ ಮೇಲೂ ಒಳಗೇ ಕುಳಿತಿದ್ದೆ.

ಮತ್ತೆ ಕೆಲವು ವಾರಗಳಾದ ಮೇಲೆ ಮೂರನೆಯ ಕೈಬರಹ ಬಂತು: 'ಇಬ್ಬರೂ ಕೊನೆಯ ಭಾಗ ಮತ್ತೆ ಓದಿರಿ. ಎಳೆಯ ವಿಧವೆಯೊಬ್ಬಳು ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಾಗ ಫಣಿಯಮ್ಮ ಅವಳ ಪರ ಮಾತನಾಡುತ್ತಾಳೆ. ತನಗೆ ಸಿಗದದ್ದು ಇನ್ನೊಬ್ಬಳಿಗೆ ಸಿಗಲಿ ಎನ್ನುವುದಕ್ಕೆ ತಾಳ್ಮೆಗಿಂತ ದೊಡ್ಡ ಹೆಸರು ಬೇಕು.' ಎಂಥ ಮಾತು ನೋಡಿ! ಇವರು ಮೂವರೂ ವಿಮರ್ಶಕರಲ್ಲ, ಎಲ್ಲಿಯೂ ಲೇಖನ ಬರೆದವರಲ್ಲ. ಆದರೆ ಒಂದು ಕಾದಂಬರಿಯನ್ನು ಮೂರು ಕಡೆಯಿಂದ ಹಿಡಿದು ಎತ್ತಿದರು. ಆ ವಹಿಯ ಪುಟ ನೋಡಿದ ಮೇಲೆ ಅದೇ ಪುಸ್ತಕಕ್ಕಾಗಿ ಜನ ಸರದಿಯಲ್ಲಿ ಕಾದರು. ಅದರ ತಾರೀಖಿನ ಚೀಟಿ ತುಂಬಿ ನಾನು ಎರಡನೆಯ ಚೀಟಿ ಅಂಟಿಸಬೇಕಾಯಿತು.

ಗ್ರಂಥಾಲಯ ವಿಜ್ಞಾನ ಓದಿದವರಿಗೆಲ್ಲ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳು ಬಾಯಿಪಾಠ. ಅವುಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗನಿಗೆ ಅವನ ಪುಸ್ತಕ ಸಿಗಬೇಕು ಎನ್ನುತ್ತದೆ, ಮೂರನೆಯದು ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುತ್ತದೆ. ಮೂರನೆಯದನ್ನು ನಾನು ಪರೀಕ್ಷೆಗೆ ಬರೆದಿದ್ದೆ, ಆದರೆ ಕಪಾಟಿನಲ್ಲಿ ಧೂಳು ತಿನ್ನುವ ಪುಸ್ತಕಕ್ಕೆ ಓದುಗನನ್ನು ಎಲ್ಲಿಂದ ತರುವುದು ಎಂದು ತಿಳಿಯುತ್ತಿರಲಿಲ್ಲ. ಆ ಕೆಲಸವನ್ನು ವಹಿ ಮಾಡಿತು. ಪುಸ್ತಕಕ್ಕೆ ಮುಂದಿನ ಓದುಗನನ್ನು ಕರೆದು ತರುವವನು ಹಿಂದಿನ ಓದುಗನೇ.

ಅದೇ 1931ರಲ್ಲಿ ನಮ್ಮ ಪಕ್ಕದ ವಿಜಯಪುರ ಜಿಲ್ಲೆಯಿಂದ ಒಂದು ಪುಸ್ತಕ ಹೊರಬಂತು, 'ಗರತಿಯ ಹಾಡು'. ಅದನ್ನು ತಂದವರು ಹಲಸಂಗಿಯ ಗೆಳೆಯರು: ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ. ಭೀಮಾತೀರದ ಒಂದು ಸಣ್ಣ ಹಳ್ಳಿ. ದೊಡ್ಡ ಕಾಲೇಜಿಲ್ಲ, ವಿಶ್ವವಿದ್ಯಾಲಯವಿಲ್ಲ. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುವ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. ಕೇಳಿದ್ದು ಒಬ್ಬನೇ ಆಗಿದ್ದರೆ ಅದು ಅವನ ಮನಸ್ಸಿನಲ್ಲೇ ಉಳಿದು ಅವನ ಜೊತೆಗೇ ಹೋಗುತ್ತಿತ್ತು. ಗೆಳೆಯರು ಸೇರಿದ್ದರಿಂದ, ನಿನಗೆ ಯಾವುದು ಹಿಡಿಸಿತು, ನನಗೆ ಯಾವುದು ಹಿಡಿಸಿತು ಎಂದು ಒಬ್ಬರ ಮುಂದೆ ಒಬ್ಬರು ಹೇಳಿಕೊಂಡಿದ್ದರಿಂದ ಅದು ಪುಸ್ತಕವಾಯಿತು ಎಂದು ನಾನು ನಂಬಿದ್ದೇನೆ.

ಫ.ಗು. ಹಳಕಟ್ಟಿಯವರನ್ನು ನೆನೆಯದೆ ಈ ಮಾತು ಮುಂದೆ ಹೋಗುವುದಿಲ್ಲ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದವರು. ತಾಳೆಗರಿಗಳಲ್ಲಿದ್ದ ವಚನಗಳನ್ನು ಹುಡುಕಿ ಓದಿದರು. ಓದಿದ್ದನ್ನು ತಮ್ಮಲ್ಲೇ ಇಟ್ಟುಕೊಂಡು ಸುಖಪಡಬಹುದಿತ್ತು. ಹಾಗೆ ಮಾಡಲಿಲ್ಲ. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ. ಒಬ್ಬ ಓದುಗ ತಾನು ಓದಿದ್ದು ನಾಲ್ಕು ಜನರಿಗೆ ಮುಟ್ಟಲಿ ಎಂದು ಮನೆಯನ್ನೇ ಮಾರಿದ ನೆಲ ಇದು. ನಾವು ತಿಂಗಳಿಗೊಮ್ಮೆ ಎರಡು ತಾಸು ಕೊಡುವುದಕ್ಕೆ ಹಿಂದೆಮುಂದೆ ನೋಡಬಾರದು.

ಈಗ ಸ್ವಲ್ಪ ಕಹಿಯಾದ ವಿಷಯ. ನಮ್ಮಲ್ಲಿ ಪುಸ್ತಕ ಹಿಡಿಸಲಿಲ್ಲ ಎಂದು ಹೇಳುವ ರೂಢಿ ಕಡಿಮೆಯಾಗಿದೆ. ಬಿಡುಗಡೆ ಸಮಾರಂಭಗಳಿಗೆ ನಾನು ಹೋಗುತ್ತೇನೆ. ಶಾಲು, ಹಾರ, ಆಮೇಲೆ ಹೊಗಳಿಕೆ. ಮಾತನಾಡುವವರ ಕೈಯಲ್ಲಿರುವ ಪುಸ್ತಕದ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿರುವುದನ್ನು ಕಂಡಿದ್ದೇನೆ. ಅದರಿಂದ ಲೇಖಕರಿಗೆ ಅನ್ಯಾಯವಾಗುತ್ತದೆ. ಎರಡು ವರ್ಷ ರಾತ್ರಿ ನಿದ್ದೆಗೆಟ್ಟು ಬರೆದವರಿಗೆ, ಇಂಥ ಕಡೆ ನಿಮ್ಮ ಪಾತ್ರ ಸುಳ್ಳು ಮಾತನಾಡಿತು ಎಂದು ಪ್ರೀತಿಯಿಂದ ಹೇಳುವ ಒಬ್ಬ ಓದುಗ ಸಿಕ್ಕರೆ ಅದಕ್ಕಿಂತ ದೊಡ್ಡ ಸನ್ಮಾನ ಯಾವುದಿದೆ? ಹಿಡಿಸಲಿಲ್ಲ ಎಂದು ಧೈರ್ಯವಾಗಿ ಹೇಳಿ. ಆದರೆ ಹೊಗಳುವಾಗ ಪುಟ ತೋರಿಸಬೇಕಾದಂತೆ ತೆಗಳುವಾಗಲೂ ಪುಟ ತೋರಿಸಿ. 'ಬೋರು' ಎಂಬ ಒಂದೇ ಶಬ್ದ ಎಸೆದು ಎದ್ದು ಹೋಗಬೇಡಿ.

ಪೂರ್ತಿ ಓದಲಾಗದೆ ಬಿಟ್ಟವರಿಗೂ ಈ ಕೂಟದಲ್ಲಿ ಜಾಗ ಇದೆ. ಹೋದ ವರ್ಷ ಹಿರಿಯರೊಬ್ಬರು ದೊಡ್ಡ ಕಾದಂಬರಿಯೊಂದನ್ನು ಅರ್ಧಕ್ಕೆ ಬಿಟ್ಟೆ ಎಂದು ತಪ್ಪೊಪ್ಪಿಗೆಯಂತೆ ಹೇಳಿದರು. ಯಾಕೆ ಎಂದು ಕೇಳಿದರೆ ಅಕ್ಷರ ಸಣ್ಣದು, ಕಣ್ಣಿಗೆ ಪೊರೆ ಬಂದಿದೆ. ಉಳಿದ ಅರ್ಧವನ್ನು ಅವರ ಓಣಿಯ ಪಿಯುಸಿ ಹುಡುಗ ದಿನಕ್ಕೆ ಹತ್ತು ಪುಟದಂತೆ ಓದಿ ಹೇಳಿದ. ಪುಸ್ತಕ ಮುಗಿಯುವ ಹೊತ್ತಿಗೆ ಓದುಗರು ಇಬ್ಬರಾಗಿದ್ದರು.

ಓದಿ ಹೇಳುವುದು ನಮಗೆ ಹೊಸದಲ್ಲ. ಶ್ರಾವಣದಲ್ಲಿ ಮಠದಲ್ಲಿ, ಗುಡಿಯಲ್ಲಿ ಪುರಾಣ ನಡೆಯುತ್ತದೆ. ಪದ್ಯ ಓದುವವರು ಒಬ್ಬರು, ಅರ್ಥ ಬಿಡಿಸುವವರು ಒಬ್ಬರು. ಅಕ್ಷರ ಬಾರದ ನಮ್ಮ ಅಜ್ಜಿ ಪುರಾಣ ಕೇಳಿ ಬಂದು, ರೊಟ್ಟಿ ಬಡಿಯುತ್ತಾ, 'ಇವತ್ತು ಶಾಸ್ತ್ರಿಗಳು ಮಲ್ಲಮ್ಮನ ಕಷ್ಟವನ್ನು ಅವಸರದಲ್ಲಿ ಮುಗಿಸಿದರು, ಹಾಗೆ ಮುಗಿಸುವ ಕಷ್ಟವೇ ಅದು?' ಎಂದು ಸಿಟ್ಟಾಗುತ್ತಿದ್ದಳು. ನಾನು ಕಂಡ ಮೊದಲ ವಿಮರ್ಶಕಿ ಅವಳು. ಹೇಮರೆಡ್ಡಿ ಮಲ್ಲಮ್ಮನ ಸಂಕಟ ಎಷ್ಟು ಹೊತ್ತಿನದು ಎಂಬುದು ಅವಳಿಗೆ ಗೊತ್ತಿತ್ತು, ಯಾಕೆಂದರೆ ಅವಳೂ ಒಂದು ಮನೆಯ ಸೊಸೆಯಾಗಿ ನಲವತ್ತು ವರ್ಷ ಬಾಳಿದ್ದಳು. ಆದ್ದರಿಂದ ನಿಮ್ಮ ಮನೆಯಲ್ಲಿ ಓದು ಬರದವರು ಇದ್ದರೆ ಮುಂದಿನ ತಿಂಗಳು ಅವರನ್ನೂ ಕರೆತನ್ನಿ. ಒಂದು ಕಥೆಯನ್ನು ದನಿಯೆತ್ತಿ ಓದೋಣ, ಮೊದಲ ಅಭಿಪ್ರಾಯ ಅವರದೇ ಆಗಲಿ.

2025ರ ಮೇ ತಿಂಗಳಿನಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರಿಗೂ ಹಬ್ಬವಾಯಿತು. ಕನ್ನಡಕ್ಕೆ ಅದು ಮೊದಲ ಸಲ, ಕಥಾಸಂಕಲನವೊಂದಕ್ಕೆ ಅದು ಸಿಕ್ಕಿದ್ದೂ ಮೊದಲ ಸಲ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳು. ಆ ತಿಂಗಳು ನಮ್ಮ ಕೂಟದಲ್ಲಿ ಎಲ್ಲರೂ ಪ್ರಶಸ್ತಿಯ ಬಗ್ಗೆಯೇ ಮಾತನಾಡಿದರು, ಹಣ ಎಷ್ಟು, ಯಾರು ಯಾರನ್ನು ಹಿಂದೆ ಹಾಕಿದರು ಎಂಬುದೇ ಚರ್ಚೆ. ಇಳಕಲ್ಲಿನಿಂದ ಬಂದಿದ್ದ ಒಬ್ಬ ತಂಗಿ, ನೇಕಾರರ ಮನೆಯವಳು, ಕೊನೆಗೆ ಎದ್ದು ನಿಂತಳು. ದೇವರೇ, ನೀನು ಒಮ್ಮೆ ಹೆಣ್ಣಾಗಿ ಬಾ ಎಂದು ಹೆಣ್ಣೊಬ್ಬಳು ದೇವರಿಗೆ ಮೊರೆಯಿಡುವ ಕಥೆಯಿದೆ. ಅದನ್ನು ಮಗ್ಗದ ಪಕ್ಕದಲ್ಲಿ ಕುಳಿತು ಓದಿದೆ ಎಂದಳು. 'ನಮ್ಮ ಅಮ್ಮಿಗೆ ಓದಿ ಹೇಳಿದೆ. ಅವಳು ಲಾಳಿ ಹಿಡಿದ ಕೈ ನಿಲ್ಲಿಸಿ, ಇದನ್ನು ಯಾರು ಬರೆದಿದ್ದು, ನನ್ನನ್ನು ಅವರು ಎಲ್ಲಿ ನೋಡಿದರು ಎಂದು ಕೇಳಿದಳು' ಎಂದಳು. ಪ್ರಶಸ್ತಿಯ ಮಾತು ಅಲ್ಲಿಗೆ ನಿಂತಿತು. ಕಥೆಯ ಮಾತು ಶುರುವಾಗಿ, ರಾತ್ರಿ ಕೊನೆಯ ಬಸ್ಸಿನ ಹೊತ್ತಿನವರೆಗೂ ನಡೆಯಿತು.

ಈ ಕೂಟಕ್ಕೆ ಹೊಸಬರು ಬಂದಾಗ, ನನಗೆ ಸಾಹಿತ್ಯ ಗೊತ್ತಿಲ್ಲ ಸರ್, ಏನು ಹೇಳಲಿ ಎನ್ನುತ್ತಾರೆ. ಹೇಳುವುದು ಕಷ್ಟವೇನಲ್ಲ. ಪುಸ್ತಕವನ್ನು ಜೊತೆಗೆ ತನ್ನಿ, ಮೊಬೈಲಿನಲ್ಲಿ ತೆಗೆದ ಚಿತ್ರ ಸಾಲದು. ನೀವು ನಿಂತ ಕಡೆಯ ಅರ್ಧ ಪುಟವನ್ನು ದನಿಯೆತ್ತಿ ಓದಿ. ಅಲ್ಲಿ ಯಾಕೆ ನಿಂತಿರಿ ಎಂದು ನಿಮಗೆ ತಿಳಿದಷ್ಟು ಹೇಳಿ, ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಿ. ಆಮೇಲೆ ಪುಸ್ತಕವನ್ನು ಪಕ್ಕದವರ ಕೈಗೆ ಕೊಡಿ, ಅದು ಸುತ್ತಲೂ ಒಂದು ಸಲ ಕೈಯಿಂದ ಕೈಗೆ ಹೋಗಲಿ. ಪುಸ್ತಕ ಕೈಗೆ ಬಂದಾಗ ಮನುಷ್ಯರ ಮುಖ ಬದಲಾಗುತ್ತದೆ, ಅದನ್ನು ನಾನು ಸಾವಿರಾರು ಸಲ ನೋಡಿದ್ದೇನೆ. ಅದೇ ಪುಸ್ತಕ ಓದಿದ ಇನ್ನೊಬ್ಬರು ಇಲ್ಲಿದ್ದರೆ, ನಾನು ಬೇರೆ ಕಡೆ ನಿಂತೆ ಎಂದು ಸಂಕೋಚವಿಲ್ಲದೆ ಹೇಳಲಿ.

ನನ್ನ ಮಾತು ಸಾಕು. ಎರಡನೆಯ ಸಾಲಿನಲ್ಲಿ ಕುಳಿತಿರುವ ತಂಗಿ, ನಾನು ಮಾತನಾಡುವಾಗ ನಿಮ್ಮ ಮಡಿಲಿನ ಪುಸ್ತಕವನ್ನು ಎರಡು ಸಲ ತೆಗೆದು ಮುಚ್ಚಿದಿರಿ. ಅದರೊಳಗೆ ಗುರುತಿಗೆ ಬಸ್ಸಿನ ಟಿಕೆಟ್ ಇಟ್ಟಿದ್ದೀರಿ, ಇಲ್ಲಿಂದಲೇ ಕಾಣುತ್ತಿದೆ. ಆ ಪುಟ ತೆಗೆಯಿರಿ. ನಾವು ಕೇಳುತ್ತೇವೆ.